ಕೆಂಪು ಪಿನ್ನು, ಬಿಳಿ ಪಿನ್ನು

"ಛೀ! ಥೂ! ಅದನ್ನ ಬಾಯಾಗ ಯಾಕ ಹಾಕ್ಕೊಂಡ್ರಿ?"

ಕಹಕಶಾ ಕಿರುಚಿದ ರಭಸಕ್ಕೆ ಸಿಂಧನೂರಿನ ಅಕ್ಕಿ ಗಿರಣಿಗಳೆಲ್ಲ ಒಂದು ಗಳಿಗೆ ನಿಂತುಹೋದವು. ನಂಬದವರು ಹೋಗಿ ವಿಚಾರಿಸಿ. ನಾನು ಹೇಳುವುದೆಲ್ಲ ಅಪ್ಪಟ ನಿಜ. ಕಾಲುವೆಯ ಈ ದಂಡೆಯಲ್ಲಿ ನನ್ನಂತೆ ಪ್ರೇಮಕಥೆ ಹೇಳುವವರು ಹುಟ್ಟಿಲ್ಲ. ಆ ದಂಡೆಯವರಂತೂ ಪ್ರಯತ್ನವನ್ನೇ ಬಿಟ್ಟಿದ್ದಾರೆ!

ಸೌಂಡ್ ಅಂಗಡಿಯ ಸೊಹೇಲ್ ತಲೆ ಎತ್ತಿದ. ಹಲ್ಲುಗಳ ನಡುವೆ ವಾಯರ್. ಕಚ್ಚಿ ಎಳೆದು, ಪ್ಲಾಸ್ಟಿಕ್ ಸಿಪ್ಪೆಯನ್ನು 'ಥುಪ್' ಎಂದು ಮೂಲೆಗೆ ಉಗಿದ. ಆ ಮೂಲೆಯಲ್ಲಿ ಅಂಥ ಸಿಪ್ಪೆಗಳ ಗುಡ್ಡವೇ ಇತ್ತು. ಆಡುಗಳು ಹತ್ತಿ ಇಳಿಯುವಷ್ಟು ಎತ್ತರ!

"ವಾಯರ್ ಸುಲಿಯಾಕ ಹಲ್ಲಿನಂಥ ಹತ್ಯಾರ ಇನ್ನೊಂದಿಲ್ರೀ, ಮೇಡಂ."

ಕಹಕಶಾ ಮುಖ ಕಿವುಚಿ ಎರಡು ಹೆಜ್ಜೆ ಹಿಂದೆ ಸರಿದಳು. ಮಸ್ಕಿಯ ಲ್ಯಾಬ್ ಒಂದರಲ್ಲಿ ಕೆಲಸ ಅವಳದು. ದಿನಕ್ಕೆ ಸಾವಿರ ಜನರ ಕಫ, ಮೂತ್ರಗಳನ್ನು ಮೂಗು ಮುರಿಯದೆ ಪರೀಕ್ಷಿಸುವವಳು. ಅಂಥವಳಿಗೇ ಹೀಗಾಯಿತು ಎಂದರೆ ನೀವೇ ಲೆಕ್ಕ ಹಾಕಿ.

'ಯಾ ಅಲ್ಲಾ... ಇವನ ಕಣ್ಣಷ್ಟ ಚೆಂದ ಅದಾವ. ಉಳಿದದ್ದೆಲ್ಲಾ ಹೊಲಸು!'

ಅವಳು ತಂದಿದ್ದು ಅಬ್ಬಾನ ಹಳೆಯ ಟೇಪ್ ಡೆಕ್. ಅದರ ಜೋಡಿ ಆಂಪ್ಲಿಫೈಯರ್ ಸುಟ್ಟುಹೋಗಿ, ಹೊಸದೊಂದು ಬಂದಿತ್ತು; ಅದನ್ನೂ ಹೊತ್ತು ತಂದಿದ್ದಳು. ಆದರೆ ಎರಡಕ್ಕೂ ಹೊಂದಾಣಿಕೆಯೇ ಇಲ್ಲ. ಹಳೆಯದರ ಬೆನ್ನಿಗೆ ಐದು ತೂತಿನ ದುಂಡು ಬಾಯಿ. ಹೊಸದಕ್ಕೆ ಕೆಂಪೊಂದು, ಬಿಳಿಯೊಂದು ತೂತು.

ಸೊಹೇಲ್ ಡೆಕ್ಕಿನ ಮುಚ್ಚಳ ತೆಗೆದ.

ಒಳಗಿಂದ ಹದಿನೇಳು ಸಾವಿರ ಜಿರಳೆಗಳು ಹೊರಬಂದವು! ಹಿಂದೆಯೇ ಹಲ್ಲಿ ಮೊಟ್ಟೆ, ಇಲಿ ಹಿಕ್ಕೆ, ಯಾವುದೋ ಕಾಲದ ಒಣಗಿದ ಕಪ್ಪೆ. ಸೊಹೇಲ್ ಎಲ್ಲವನ್ನೂ ಬರಿಗೈಯಲ್ಲಿ ಬಳಿದು ಹಾಕಿದ. ಆಮೇಲೆ ಅದೇ ಕೈಯ ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಆಂಪ್ಲಿಫೈಯರ್‌ಗೆ ಸಿಕ್ಕಿಸಿದ ವಾಯರಿನ ತುದಿ ಮುಟ್ಟಿದ.

'ಗುಂಯ್ಯ್!' ಎಂದಿತು ಅಂಗಡಿಯ ಸ್ಪೀಕರ್ ಬಾಕ್ಸು.

"ಕೇಳಿದ್ರಿ? ಹೊಸಾದ್ರಾಗ ಜೀವ ಐತಿ!"

"ನನ್ನ ಜೀವ ಹೋತು!" ಕಹಕಶಾ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

ಅವನು ನಕ್ಕು, ಡೆಕ್ಕನ್ನು ಆಂಪ್ಲಿಫೈಯರ್‌ಗೆ ಸೇರಿಸುವ ಎರಡು ಬಗೆಯ ವಾಯರ್ ಮುಂದಿಟ್ಟ. ಒಂದು ದಪ್ಪ, ಕೆಂಪು-ಬಿಳಿ ಪಿನ್ನುಗಳಿಗೆ ಬಂಗಾರದ ಲೇಪದ್ದು. ಇನ್ನೊಂದು ಕಪ್ಪಗೆ, ಸತ್ತ ಹಾವಿನಂತೆ.

"ಯಾವುದು ಅಂತ ಹೇಳಬೇಕಂದ್ರ... ಮನ್ಯಾಗ ಯಾರ್ಯಾರಿದ್ದೀರಿ? ನೀವು ಎಲ್ಲಿ ಕುಂದರ್ತೀರಿ? ಬಾಕ್ಸ್ ಎಲ್ಲೆಲ್ಲಿ ಇಡ್ತೀರಿ?"

ಕಹಕಶಾಳ ಮುಖ ಕೆಂಪಾಯಿತು. 'ಥೂ, ಹಲ್ಕಟ್! ಒಬ್ಬಾಕೀನ ಬಂದೀನಂತ ಮನೀ ಸುದ್ದಿ ಕೇಳಾಕತ್ಯಾನ!'

"ವಾಯರ್ ಮಾರ್ತೀರೋ, ಸಂಬಂಧ ಕುದುರಿಸ್ತೀರೋ? ಎಲ್ಲಾದ್ರಾಗ ಛಲೋದು ಕಟ್ಟಿಕೊಡ್ರಿ, ಬಾಯಿ ಮುಚ್ಕೊಂಡು!"

ಸೊಹೇಲ್ ಬಾಯಿ ಮುಚ್ಚಿದ. ಬಂಗಾರದ್ದನ್ನೇ ಕಟ್ಟಿಕೊಟ್ಟ. ಆದರೆ ಅವಳು ಮೆಟ್ಟಿಲಿಳಿದು ಹೋಗುವವರೆಗೂ ನೋಡುತ್ತಲೇ ನಿಂತ.

*

ಆ ಡೆಕ್ಕಿಗೆ ಕಾಯುತ್ತಿದ್ದವರು ಬಾಬುಸಾಬ್, ಕಹಕಶಾಳ ಅಬ್ಬಾ. ಅಮ್ಮಿ ಹುಸೇನ್‌ಬೀ ತೀರಿಕೊಂಡು ವರ್ಷವಾಗಿತ್ತು. ಮದುವೆ ಮನೆಯೊಂದರಲ್ಲಿ ಅವಳು ಢೋಲಕ್ ಜೊತೆ ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿಗೆ ತುಂಬಿಕೊಟ್ಟಿದ್ದರು. ಅವಳ ಧ್ವನಿ ಉಳಿದದ್ದು ಅದೊಂದರಲ್ಲೇ.

ಅಬ್ಬಾನಿಗೆ ಕಿವಿ ಮಂದ. ಅದಕ್ಕೇ ಕಹಕಶಾ ಒಂದು ಬಾಕ್ಸನ್ನು ಮಂಚದ ತಲೆದಿಂಬಿನ ಪಕ್ಕ ಇಟ್ಟಳು. ರೊಟ್ಟಿ ಬಡಿಯುತ್ತ ತಾನೂ ಕೇಳಬೇಕೆಂಬ ಆಸೆಗೆ ಇನ್ನೊಂದನ್ನು ಅಡುಗೆಮನೆಯಲ್ಲಿ.

ಕ್ಯಾಸೆಟ್ ತಿರುಗಿತು. ಅಡುಗೆಮನೆ ತುಂಬ ಅಮ್ಮಿಯ ಹಾಡು! ಕಹಕಶಾಳ ಕಣ್ಣೀರು ಹಿಟ್ಟಿಗೆ ಬಿತ್ತು.

ಆದರೆ ಅಬ್ಬಾ ಬಾಕ್ಸಿಗೆ ಕಿವಿ ಒತ್ತಿಕೊಂಡು ಕೂಗಿದರು. "ಬೇಟಿ! ನಿಮ್ಮ ಅಮ್ಮಿ ಯಾಕ ಹಾಡವಲ್ಲಳು? ಬರೇ ಢೋಲಕ್ ಬಡಿಯಾಕತ್ತಾರ!"

"ಹಾಡಾಕತ್ತಾಳ ಅಬ್ಬಾ! ನನಗ ಕೇಳ್ತೈತಿ!"

"ಸುಳ್ಳು ಹೇಳಬ್ಯಾಡ. ನನ್ನ ಮ್ಯಾಲೆ ಸಿಟ್ಟಾಗಿ ಹೋಗ್ಯಾಳ ಆಕಿ..."

'ಇದ್ದ ಕಿವೀನೂ ಹೋತಾ? ಇಲ್ಲಾ... ತಲಿನ...?' ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ಅವಳಿಗೆ ತಿಳಿಯಲೇ ಇಲ್ಲ.

ಮೂರು ದಿನ ಅಬ್ಬಾ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಕ್ಯಾಸೆಟ್ ತೆಗೆದು ಅವಳ ಕೈಗಿಟ್ಟರು. "ಕಬರಸ್ತಾನದಾಗ ಆಕಿ ಹತ್ರನ ಹೂತು ಬಾ. ನನಗಂತೂ ಹಾಡವಲ್ಲಳು."

ಕಹಕಶಾ ಸಿಟ್ಟಿನಿಂದ ಅಂಗಡಿಗೆ ಫೋನ್ ಮಾಡಿದಳು.

"ನಿಮ್ಮ ಉಗುಳು, ನಿಮ್ಮ ಎಂಜಲು ಹತ್ತಿ ಎಲ್ಲಾ ಕೆಟ್ಟು ಹೋಗೈತಿ! ಅಬ್ಬಾಗ ತಲಿ ಕೆಟ್ಟಂಗ ಆಗೈತಿ, ಅಮ್ಮಿ ಹಾಡು ಕೇಳವಲ್ದು!"

ಆ ಕಡೆ ಮೆತ್ತಗಿನ ದನಿ. "ಬಾಕ್ಸ್ ಎಲ್ಲೆಲ್ಲಿ ಇಟ್ಟೀರಿ?"

"ಮತ್ತ ಅದ ಪ್ರಶ್ನೆ! ಒಂದು ಅಬ್ಬಾನ ಮಂಚಕ್ಕ, ಒಂದು ಅಡಿಗಿಮನ್ಯಾಗ. ಏನೀಗ?"

"ಮಸ್ಕ್ಯಾಗ ನಿಮ್ಮ ಮನಿ ಎಲ್ಲಿ ಬರ್ತೈತ್ರೀ?"

*

ಸಿಂಧನೂರಿನಿಂದ ಮಸ್ಕಿಗೆ ಸೊಹೇಲ್ ಬೈಕಿನಲ್ಲಿ ಹನ್ನೊಂದೇ ನಿಮಿಷದಲ್ಲಿ ಬಂದ. ಬಸ್ಸಿನವರು ಇಂದಿಗೂ ಆ ಮಾತು ಎತ್ತಿದರೆ ನಾಚಿಕೊಳ್ಳುತ್ತಾರೆ!

ದಾರಿಯ ಭತ್ತದ ಗದ್ದೆಗಳ ಹುಳುಗಳೆಲ್ಲ ಅವನ ಮುಖದ ಮೇಲಿದ್ದವು. ಒಂದು ಹುಬ್ಬಿನ ಮೇಲೆ ಇನ್ನೂ ಒದ್ದಾಡುತ್ತಿತ್ತು.

"ಛೀ..." ಎಂದಳು ಬಾಗಿಲು ತೆರೆದ ಕಹಕಶಾ.

ಅವನು ಮಂಚದ ಬಾಕ್ಸಿಗೆ ಕಿವಿಯಿಟ್ಟ. ಅಡುಗೆಮನೆಯ ಬಾಕ್ಸಿಗೂ ಇಟ್ಟ. ಮಂಚದ ಕೆಳಗೆ ತೆವಳಿ, ವಾಯರ್ ಎಳೆದುಕೊಂಡು, ತಲೆ ತುಂಬ ಜೇಡರ ಬಲೆ ಹೊತ್ತು ಎದ್ದು ಬಂದ.

"ನಿಮ್ಮ ಅಬ್ಬಾನ ಕಿವಿ ಅಷ್ಟೇನೂ ಹೋಗಿಲ್ರೀ. ತಲೀನೂ ನೆಟ್ಟಗ ಐತಿ. ರೆಕಾರ್ಡ್ ಮಾಡುವಾಗ ಅಮ್ಮಿ ಮುಂದ ಒಂದು ಮೈಕು, ಢೋಲಕ್ ಮುಂದ ಇನ್ನೊಂದು ಇಟ್ಟಾರ. ಕೆಂಪು ಪಿನ್ನಿನಾಗ ಢೋಲಕ್, ಬಿಳೀ ಪಿನ್ನಿನಾಗ ಅಮ್ಮಿ. ಬಂಗಾರದ ವಾಯರ್ ಭಾಳ ಛಲೋ, ಇಬ್ಬರನ್ನೂ ಬ್ಯಾರೆ ಬ್ಯಾರೆ ಒಯ್ಯತೈತಿ. ಅದಕ್ಕ ಢೋಲಕ್ ಅಬ್ಬಾನ ಕಡೆ ಬಂತು. ಅಮ್ಮಿ ಅಡಿಗಿಮನೀಗೆ ಹೋದ್ಳು."

ಕಹಕಶಾ ಹಣೆ ಬಡಿದುಕೊಂಡಳು. 'ಮೂರು ದಿನ... ಅಬ್ಬಾ ಖರೇನ ಹೇಳಿದ್ರು. ನಾನ ನಂಬಲಿಲ್ಲ!'

ಸೊಹೇಲ್ ಅಂಗಡಿಯ ಆ ಕಪ್ಪು ವಾಯರನ್ನು ಜೇಬಿನಿಂದ ತೆಗೆದ. ಎರಡೂ ಬಾಕ್ಸಿಗೆ ಹಾಡು, ಢೋಲಕ್ ಎರಡೂ ಹೋಗುವಂತೆ ಅದರ ಎರಡು ಎಳೆಗಳನ್ನು ಒಳಗೇ ಕೂಡಿಸಿ ಬೆಸೆದ. ಮೇಲೆ ಟೇಪು ಸುತ್ತಿದ. ಹುಣ್ಣಿಗೆ ಕಟ್ಟಿದ ಪಟ್ಟಿಯಂತೆ ಕಾಣಿಸಿತು. ನೋಡಲು ಅಸಹ್ಯ! ನಾನೂ ನೋಡಿದ್ದೇನೆ, ಎರಡು ದಿನ ಊಟ ಸೇರಲಿಲ್ಲ.

ಕ್ಯಾಸೆಟ್ ತಿರುಗಿತು.

ಬಾಕ್ಸಿಗೆ ಕಿವಿಯೊತ್ತಿದ ಬಾಬುಸಾಬ್ ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡರು.

"ಬಂದ್ಳು..." ಎಂದರು. "ಬೇಟಿ, ಬಂದ್ಳು ನೋಡು! ಅದ ದನಿ... ಅದ ಗತ್ತು!"

ಅಳು, ನಗು ಎರಡೂ ಒಟ್ಟಿಗೆ ಬಂದು ಕಹಕಶಾ ಅಂಗಳಕ್ಕೆ ಓಡಿದಳು. ಸೊಹೇಲ್ ಹಿಂದೆಯೇ ಬಂದು ದೂರ ನಿಂತ.

"ಅವತ್ತ ಯಾಕ ಹೇಳಲಿಲ್ರೀ?"

"ಬಾಯಿ ಮುಚ್ಚು ಅಂದ್ರಲ್ರೀ ನೀವು."

"ಮನ್ಯಾಗ ಯಾರ್ಯಾರಿದ್ದೀರಿ ಅಂತ ಕೇಳಿದ್ದು... ವಾಯರಿಗೇ ಏನು?"

ಸೊಹೇಲ್ ಉಗುರಿನ ಕೊಳೆ ನೋಡಿಕೊಂಡ. "ಬಾಕ್ಸ್ ಎಲ್ಲಿ ಅಂತ ಕೇಳಿದ್ದು ವಾಯರಿಗೆ. ನೀವು ಎಲ್ಲಿ ಕುಂದರ್ತೀರಿ ಅಂತ ಕೇಳಿದ್ದು... ನನ್ನ ಸಲುವಾಗಿ. ಸುಳ್ಳು ಯಾಕ ಹೇಳ್ಲಿ."

ಕಹಕಶಾ ಹತ್ತಿರ ಬಂದಳು. ಹುಬ್ಬಿನ ಹುಳುವನ್ನು ಎರಡೇ ಬೆರಳಲ್ಲಿ ತೆಗೆದೆಸೆದಳು. ಕೂದಲಿನ ಬಲೆಯನ್ನೂ ತೆಗೆದಳು. ಹೇಸಿಗೆಯಿಂದ ಮೈ ಜುಮ್ಮೆಂದಿತು. ಕೈ ಮಾತ್ರ ಹಿಂದೆ ಸರಿಯಲಿಲ್ಲ.

"ನಿಮ್ಮನ್ನ ನೋಡಿದ್ರ ನನಗ ಹೇಸಿಗಿ ಬರ್ತೈತಿ, ಗೊತ್ತೈತಿಲ್ಲೋ?"

"ಗೊತ್ತೈತ್ರೀ." ಅವನ ದನಿ ಇಳಿಯಿತು.

"ಆದ್ರೂ... ನಾಲ್ಕು ದಿನಾ ಅದ ಮುಖಾನ ನೆನಪಾಗೈತಿ."

ಸೊಹೇಲ್ ಕೈಯ ಕೊಳೆಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ, "ಐತವಾರ ಬರ್ತೀನ್ರೀ."

"ಯಾಕ? ಇನ್ನೇನು ಕೆಟ್ಟೈತಿ?"

"ಏನೂ ಕೆಟ್ಟಿಲ್ಲ. ನಮ್ಮ ಅಮ್ಮೀನ ಕರ್ಕೊಂಡು ಬರ್ತೀನಿ. ಅಬ್ಬಾನ ಕೂಡ ಮಾತಾಡಾಕ."

ಕಹಕಶಾ ದುಪಟ್ಟಾ ಸರಿಮಾಡಿಕೊಂಡು ಬಾಗಿಲವರೆಗೆ ನಡೆದಳು. ಹೊಸ್ತಿಲ ಮೇಲೆ ನಿಂತು, ತಿರುಗದೆಯೇ ಹೇಳಿದಳು...

"ಬರ್ರಿ. ಆದ್ರ ಜಳಕ ಮಾಡ್ಕೊಂಡು ಬರ್ರಿ!"