ಹಗ್ಗ ಹಿಡಿದವರ ಪಾಲು

ಬೆನ್ನ ಹಿಂದೆ ಯಾರೋ ನಕ್ಕರು.

ಸುಚಿತಾ ತಿರುಗಿದಳು. ಹಳದೀಪುರದ ನಾಗಪತಿ! ಪಿಯುಸಿಯ ಗಣಿತದಲ್ಲಿ ಅವಳನ್ನು ಹಿಂದೆ ಹಾಕಿದವನು. ಅವನ ಮೇಲೆ ಸಿಟ್ಟು ಮೊದಲೇ ಇತ್ತು.

೨೦೦೧ರ ಜೂನ್. ಹೊನ್ನಾವರದ ಕಾಲೇಜು ಕಚೇರಿ. ಬ್ಯಾಂಕ್ ಕೆಲಸ ಬೇಕೆನ್ನುವವರೆಲ್ಲ ಬಿ.ಕಾಂ. ಸೇರುವಾಗ ನಿನಗೇಕೆ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಎಂದು ಗುಮಾಸ್ತ ಶ್ರೀಧರಣ್ಣ ಕೇಳಿದ್ದರು. ಅವಳು ಉತ್ಸಾಹದಿಂದ ಹೇಳಿದ್ದಳು.

"ಇದು ಠೇವಣಿ ಇಡೂ ಬ್ಯಾಂಕಲ್ಲ, ಇನ್ವೆಸ್ಟ್‌ಮೆಂಟ್ ಬ್ಯಾಂಕ್. ನಮ್ಮ ಕೇರಿಯವರು ಕಡಲಿಂದ ದಡಕ್ಕೆ ರಂಪಣಿ ಬಲೆ ಎಳೀತಾರಲ್ಲ, ಹಾಗೆ. ಅಷ್ಟು ದೊಡ್ಡ ಬಲೆ ಒಬ್ಬರಿಂದ ಆಗೂದಲ್ಲ. ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲು. ದೊಡ್ಡ ಕಂಪನಿಗೆ ಬಂಡವಾಳ ಹಾಕೂರನ್ನ ಹಾಗೇ ಕೂಡಿಸೂ ಕೆಲಸ."

ಅದಕ್ಕೇ ಅವನು ನಕ್ಕಿದ್ದು.

"ಎಂತಕ್ಕೆ ನಗಾಡ್ತೀ?"

ಅವನು ತನ್ನ ಬಿ.ಕಾಂ. ಅರ್ಜಿಯನ್ನು ಕಿಟಕಿಯೊಳಗೆ ಚಾಚಿದ.

ಶನಿವಾರದೊಳಗೆ ಹತ್ತು ಜನ ಸೇರದಿದ್ದರೆ ಅವಳು ಕೇಳಿದ ತರಗತಿಯೇ ಇಲ್ಲ ಎಂದರು ಶ್ರೀಧರಣ್ಣ. ಅದನ್ನು ಓದಲು ಧಾರವಾಡಕ್ಕೆ ಕಳಿಸುವ ಮಾತು ಮನೆಯಲ್ಲಿ ಇರಲಿಲ್ಲ. ಇಲ್ಲಿ ಸಿಕ್ಕರೆ ಓದು, ಇಲ್ಲದಿದ್ದರೆ ಟೈಪಿಂಗ್ ಕಲಿ ಎಂದು ತಾಯಿ ದುರ್ಗಮ್ಮ ಖಡಾಖಂಡಿತವಾಗಿ ಹೇಳಿದ್ದಳು.

ಸುಚಿತಾ ಗೆಳತಿಯರ ಮನೆಮನೆ ತಿರುಗಿದಳು. ಕೆಲವರು ಒಪ್ಪಿದರು. ಹಳದೀಪುರದ ಪ್ರಣಿತಾಳ ಅಪ್ಪ ಮಾತ್ರ ಒಪ್ಪಲಿಲ್ಲ. ಮರುದಿನ ಇನ್ನೊಮ್ಮೆ ಕೇಳೋಣವೆಂದು ಹೋದರೆ, ಅದೇ ಮನೆಯಿಂದ ನಾಗಪತಿ ಹೊರಬರುತ್ತಿದ್ದ.

ಓಹೋ... ಎಲ್ಲರನ್ನೂ ಬಿ.ಕಾಂ.ಗೆ ಎಳೆಯುತ್ತಿದ್ದಾನೆ!

ಅವಳು ಒಳಗೆ ಹೋಗಲೇ ಇಲ್ಲ. ಬಸ್ ನಿಲ್ದಾಣದಲ್ಲಿ ಅವನನ್ನು ಹಿಡಿದಳು.

"ನಕ್ಕಿದ್ದು ಸಾಲಲಿಲ್ಲ ಅಂತ ನನ್ನ ಕೆಲಸ ಕೆಡಿಸೂಕೂ ಶುರು ಮಾಡಿದ್ಯಾ?"

ಅವನ ಮುಖ ಕಪ್ಪಿಟ್ಟಿತು. "ಹೌದು ಅಂತ್ಲೇ ಇಟ್ಕೊ ಮಾರಾಯ್ತಿ. ನಿಂಗೆ ಹಾಂಗೆ ಕಂಡ್ರೆ ನಾ ಎಂತ ಮಾಡ್ಲಿ?"

ಬಸ್ಸು ಬರುವವರೆಗೂ ಬೈದಳು. ಮಳೆಯ ಇರಚಲು ಹೊಡೆಯುವ ಬದಿಗೆ ಅವನು ಸರಿದು ನಿಂತದ್ದು, ಅವನ ಅಂಗಿ ಪೂರ್ತಿ ತೊಯ್ದರೂ ತಾನು ನೆನೆಯದೇ ಇದ್ದದ್ದು ಅವಳ ಗಮನಕ್ಕೆ ಬರಲೇ ಇಲ್ಲ.

ಶನಿವಾರ ಸಂಜೆ. ಒಂಬತ್ತೇ ಜನ. ಹೊತ್ತು ಮೀರಿದರೂ ಶ್ರೀಧರಣ್ಣ ಕಿಟಕಿ ಮುಚ್ಚದೆ, ಮೇಜು ಒರೆಸಿದ್ದನ್ನೇ ಒರೆಸುತ್ತ ಕೂತಿದ್ದರು.

ಒಂಬತ್ತನೆಯವಳಾಗಿ ಬಂದವಳು ಪ್ರಣಿತಾ!

"ನಿನ್ನಪ್ಪ ಹೇಗೆ ಒಪ್ಪಿದ?"

"ನಾಗಪತಿ ಬಂದು ಒಂದು ತಾಸು ಕೂತು ಒಪ್ಪಿಸಿದ. ನಿಂಗೆ ಹೇಳ್ಲಿಲ್ವಾ ಅವ?"

ಸುಚಿತಾ ಹಣೆ ಚಚ್ಚಿಕೊಂಡಳು. ಅಯ್ಯೋ... ಅಷ್ಟೆಲ್ಲ ಬೈದೆನಲ್ಲ...

ಆಗಲೇ ಅವನು ಮೆಟ್ಟಿಲು ಹತ್ತಿ ಬಂದ. ಬಿ.ಕಾಂ. ಅರ್ಜಿ ವಾಪಸು ಕೊಡಿ, ನನ್ನನ್ನೂ ಇದಕ್ಕೇ ಸೇರಿಸಿ ಎಂದ. ಶ್ರೀಧರಣ್ಣ ಹತ್ತನೆಯ ಅರ್ಜಿ ಮುಂದಿಟ್ಟು ಪೆನ್ನು ಕೊಟ್ಟರು.

"ನಿನ್ನ ಕರುಣೆ ನಂಗೆ ಬೇಡ," ಎಂದಳು ಸುಚಿತಾ. ಕಣ್ಣು ಮಾತ್ರ ತುಂಬಿತ್ತು.

"ಕರುಣೆ ಅಲ್ಲ. ಅವತ್ತು ನಗು ಬಂದದ್ದು ನನ್ನ ಮೇಲೇ. ಅಪ್ಪ ಬಿ.ಕಾಂ. ಅಂದ, ನಾ ಹ್ಞೂಂ ಅಂದೆ. ಎಂತಕ್ಕೆ ಅಂತ ಕೇಳ್ಲೇ ಇಲ್ಲ. ನೀನು ಬಲೆ ಕತೆ ಹೇಳಿ ಗುಮಾಸ್ತರ ಬಾಯಿ ಮುಚ್ಚಿಸ್ದೆ." ಅವನು ತಲೆ ತಗ್ಗಿಸಿದ. "ಅವತ್ತಿಂದ ನಿನ್ನ ಬಿಟ್ಟು ಬೇರೆ ಎಂತದೂ ತಲೇಲಿಲ್ಲ."

"ಬಸ್ ನಿಲ್ದಾಣದಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳೂಕೆ ನೀ ಎಲ್ಲಿ ಬಿಟ್ಟೆ?"

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ಇಷ್ಟು ಬೇಗ ಸೋಲುವುದುಂಟೇ?

"ಹಗ್ಗ ಹಿಡಿದು ಅರ್ಧಕ್ಕೇ ಬಿಟ್ಟವಂಗೆ ನಮ್ಮ ಕೇರೀಲಿ ಪಾಲಿಲ್ಲ. ಗೊತ್ತಲ್ಲ?"

"ಬಿಡೂದಿಲ್ಲ."

"ಹಾಗಾದ್ರೆ ಆತು," ಎಂದಳು ಸುಚಿತಾ, ಮೆಲ್ಲಗೆ. "ನಾನೂ ಬಿಡೂದಿಲ್ಲ."