ಓಕೆ ಅಂದ ಮೇಲಿನ ಸದ್ದು

ಮಂಜುಗಡ್ಡೆ ಬಿರುಕು ಬಿಡುವ ಸದ್ದು ಓಕೆ ಆಗಿ ಗಂಟೆಯೂ ಕಳೆದಿರಲಿಲ್ಲ. ಗುಂಡ ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದ.

ಗುಂಡ ಎಂದರೆ ಆ ಸ್ಟುಡಿಯೋದ ನಾಯಿ. ಸಿನಿಮಾಗಳಿಗೆ ಬೇಕಾದ ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟುವಿಕೆ, ಮೂಳೆ ಮುರಿತ ಎಲ್ಲವನ್ನೂ ಕೈಯಲ್ಲೇ ಮಾಡಿ ಕೂರಿಸುವ ಜಾಗ ಅದು. ಗುಂಡನಿಗೆ ಮೊದಲು ವಾಂತಿಯಾಯಿತು. ಆಮೇಲೆ ಕುಡಿದವನಂತೆ ತೂರಾಡಿದ. ಆಮೇಲೆ ಕಾಲು ಸೆಟೆದುಕೊಂಡು ನಡುಗತೊಡಗಿದ. ಸದ್ದು ಮಾಡುವ ಕಲಾವಿದರು — ಎಲ್ಲರ ಬಾಯಲ್ಲೂ ಅವರು ಸದ್ದಣ್ಣ — ಅವನನ್ನು ಮಗುವಿನಂತೆ ಎತ್ತಿಕೊಂಡು ಪಶುವೈದ್ಯೆಯ ಬಳಿಗೆ ಓಡಿದರು. ಅಲ್ಲಿ ಮಲಗಿಸಿ ಬಂದವರೇ ಎಲ್ಲರೂ ಮಾವ ಎಂದು ಕರೆಯುವ ವಾಚ್‌ಮನ್‌ನ ಕೊರಳಪಟ್ಟಿಗೆ ಕೈ ಹಾಕಿದರು.

"ಇಲಿ ಪಾಷಾಣ ಇಟ್ಟೋನು ನೀನೇ ತಾನೇ?"

ಅಂಗಿಯ ಗುಂಡಿ ಕಿತ್ತು ನೇತಾಡಿತು. ಮಾವ ಇಲ್ಲ ಎನ್ನಲಿಲ್ಲ. ಸ್ಟುಡಿಯೋದ ಒಡತಿ ಬೀಗದ ಕೈ ವಾಪಸು ಪಡೆದು, ಇನ್ನು ಮನೆಗೆ ಹೋಗಿ ಎಂದರು. ಹೇಳಿದ ಮೇಲೆ ಅವರಿಗೇ ಮನಸ್ಸು ತಡೆಯದೆ ನಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದರು.

ಚಿಕ್ಕಮ್ಮ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಜಾಡು ಹಿಡಿದು ಹಿಡಿದೇ ನಿವೃತ್ತರಾದವರು. ಅವರ ಜೊತೆ ಹೋದಾಗ ನನಗೆ ಎರಡೇ ಕೆಲಸ: ಸ್ಕೂಟರ್ ಓಡಿಸುವುದು, ಬಾಯಿ ಮುಚ್ಚಿಕೊಂಡಿರುವುದು. ಮೊದಲನೆಯದು ನನಗೆ ಚೆನ್ನಾಗಿ ಬರುತ್ತದೆ.

ಸ್ಟುಡಿಯೋಗೆ ಹೋದವರೇ ಅವರು ಪಶುವೈದ್ಯೆಗೆ ಫೋನ್ ಹಚ್ಚಿದರು.

"ಏನು ತಿಂದ ಅಂತ ಕೇಳಿದ್ದಕ್ಕೆ ಕರ್ಕೊಂಡು ಬಂದೋರು ಪಾಷಾಣ ಅಂದ್ರು, ಅದಕ್ಕೇ ಔಷಧಿ ಶುರು ಮಾಡಿದೀನಿ," ವೈದ್ಯೆಯ ಧ್ವನಿಯಲ್ಲಿ ಆತಂಕವಿತ್ತು. "ಆದ್ರೆ ತಾಳೆ ಆಗ್ತಿಲ್ಲ. ರಕ್ತದಲ್ಲಿ ಸಕ್ಕರೆ ತಳ ಕಂಡಿದೆ. ಗ್ಲೂಕೋಸ್ ಏರಿಸಿದ್ರೆ ಕಣ್ಣು ಬಿಡ್ತಾನೆ, ಸ್ವಲ್ಪ ಹೊತ್ತಿಗೆ ಮತ್ತೆ ಮಂಕು. ಏನು ತಿಂದ ಅಂತ ಈಗ್ಲೇ ಗೊತ್ತಾಗ್ಬೇಕು. ಲಿವರ್‌ಗೆ ಹೊಡೆಯೋ ವಿಷ ಆಗಿದ್ರೆ ನಾಳೆ ತಿಳಿದು ಪ್ರಯೋಜನ ಇಲ್ಲ."

ಮಾವ ಮನೆಗೆ ಹೋಗಿರಲಿಲ್ಲ. ಗೇಟಿನಾಚೆ ಕಟ್ಟೆಯ ಮೇಲೆ ಕೂತಿದ್ದರು.

"ಅಣ್ಣ, ಪಾಷಾಣ ಎಲ್ಲಿಟ್ರಿ?" ಚಿಕ್ಕಮ್ಮ ಪಕ್ಕದಲ್ಲೇ ಕೂತರು.

"ಉಗ್ರಾಣದ ಅಟ್ಟದ ಮೇಲಮ್ಮ."

"ಗುಂಡ ಅಟ್ಟ ಹತ್ತುತ್ತಾನಾ?"

"ಅವನು ಮೆಟ್ಟಿಲೇ ಹತ್ತಲ್ಲ, ಅಷ್ಟು ದಪ್ಪ. ಆದ್ರೆ ಇಲಿ ಏನಾದ್ರೂ ಎಳ್ಕೊಂಡು ಬಂದು ಕೆಳಗೆ ಬೀಳಿಸಿದ್ರೆ?" ಮಾವ ತಲೆ ತಗ್ಗಿಸಿದರು. "ಇನ್ನೊಂದು ಮಾತಮ್ಮ. ದಿನಾ ಅವನಿಗೆ ಬಿಸ್ಕತ್ತು ಕೊಡ್ತೀನಿ. ಡಾಕ್ಟರ್ ಬೇಡ ಅಂದಿದ್ರು, ಕದ್ದು ಕೊಡ್ತೀನಿ. ಇವತ್ತೂ ಕೊಟ್ಟೆ. ಅದರಿಂದಲೇ ಹೀಗಾಯ್ತಾ?"

ಅಟ್ಟ ಹತ್ತುವ ಭಾಗ್ಯ ನನ್ನದಾಯಿತು. ಪಾಷಾಣದ ಬಿಲ್ಲೆಗಳು ಇಟ್ಟಲ್ಲೇ ಇದ್ದವು. ಒಂದಕ್ಕೂ ಹಲ್ಲಿನ ಗುರುತಿಲ್ಲ. ಮೂಗಿನ ತುಂಬ ಧೂಳು ತುಂಬಿಕೊಂಡು ಇಳಿದು ಬಂದರೆ, ಕೆಳಗೆ ರೆಕಾರ್ಡಿಂಗ್ ಹುಡುಗಿ ಅಳುತ್ತಿದ್ದಳು. ಎಂದೋ ಒಂದು ದಿನ ಗುಂಡನಿಗೆ ಚಾಕೊಲೇಟ್ ಕೊಟ್ಟಿದ್ದಳಂತೆ. ತನ್ನ ತಟ್ಟೆಯಲ್ಲಿ ಉಳಿದದ್ದನ್ನು ಹಾಕುತ್ತಿದ್ದೆ ಎಂದು ಒಡತಿಯೂ ಒಪ್ಪಿಕೊಂಡರು. ತಪ್ಪೊಪ್ಪಿಕೊಳ್ಳಲು ಸರದಿ ನಿಂತಂತಿತ್ತು. ಆ ಸಾಲಿನಲ್ಲಿ ಇಲ್ಲದವರು ಸದ್ದಣ್ಣ ಒಬ್ಬರೇ.

"ನೀವೇನು ಕೊಟ್ರಿ?" ಚಿಕ್ಕಮ್ಮ ಅವರತ್ತ ತಿರುಗಿದರು.

"ನಾನಾ? ತೂಕ ಇಳಿಸಿ, ಸಕ್ಕರೆ ಮುಟ್ಟಿಸ್ಬೇಡಿ ಅಂದಿದಾರೆ ಡಾಕ್ಟರ್. ಒಂದೇ ಒಂದು ಚೂರು ಸಕ್ಕರೆ ಅವನ ಬಾಯಿಗೆ ಹಾಕಿಲ್ಲ. ನನ್ನನ್ನೇನು ಕೇಳ್ತೀರಿ? ಅವನನ್ನ ಕೇಳಿ, ಗೇಟ್ ಹತ್ರ ಕೂತಿದಾನಲ್ಲ!"

ಚಿಕ್ಕಮ್ಮ ರೆಕಾರ್ಡಿಂಗ್ ಕೋಣೆಯೊಳಗೆ ನಡೆದರು. ವಿಚಿತ್ರವಾದ ಕೋಣೆ. ಒಂದು ಮೂಲೆಯಲ್ಲಿ ಜಲ್ಲಿ ತುಂಬಿದ ಗುಳಿ, ಇನ್ನೊಂದು ಮೂಲೆಯಲ್ಲಿ ಮರಳು. ಗೋಡೆಗೆ ಸಾಲಾಗಿ ಹಳೆಯ ಬೂಟು, ಚಪ್ಪಲಿ. ನಡುವೆ ಮೈಕಿನ ಕೆಳಗೆ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಸುತ್ತಿಗೆ, ಒಂದು ದಪ್ಪ ಬಟ್ಟೆ, ಅರ್ಧ ಭಾಗಕ್ಕಷ್ಟೇ ಬಿಳಿ ಪುಡಿ.

"ಇದೇನು?"

"ಇವತ್ತಿನ ಸೀನು," ಹುಡುಗಿ ಮೂಗೊರೆಸಿಕೊಂಡಳು. "ನಾಯಕ ಹೆಪ್ಪುಗಟ್ಟಿದ ಕೆರೆ ಮೇಲೆ ನಡೀತಾನೆ. ಕಲ್ಲುಸಕ್ಕರೆನ ಬಟ್ಟೆಯಲ್ಲಿ ಕಟ್ಟಿ ಕುಟ್ಟಿದ್ರೆ ಥೇಟ್ ಮಂಜುಗಡ್ಡೆ ಬಿರುಕು ಬಿಟ್ಟಂಗೇ ಕೇಳುತ್ತೆ. ಸದ್ದಣ್ಣನ ಕೈಚಳಕ ಅದು."

ಸದ್ದಣ್ಣ ಬಗ್ಗಿ ಸುತ್ತಿಗೆ ಎತ್ತಿ ಬದಿಗಿಟ್ಟರು.

ಚಿಕ್ಕಮ್ಮ ಮಂಡಿಯೂರಿ ಕೂತರು. ಹೊಸ್ತಿಲ ಬಳಿ ಬಿಸ್ಕತ್ತಿನ ಚೂರುಗಳು ಬಿದ್ದಿದ್ದವು. ಅಲ್ಲಿಂದ ಇರುವೆ ಸಾಲು ಹೊರಟು, ಕಲ್ಲಿನ ಪಕ್ಕದಲ್ಲೇ ಹಾದು ಗೋಡೆಯ ಬಿರುಕು ಸೇರುತ್ತಿತ್ತು. ಚಿಕ್ಕಮ್ಮ ಅದನ್ನೇ ನೋಡುತ್ತ ಕೂತುಬಿಟ್ಟರು. ನನ್ನ ತಾಳ್ಮೆ ಕೆಟ್ಟಿತು.

"ಅಲ್ಲಿ ನಾಯಿ ಸಾಯ್ತಾ ಇದೆ ಚಿಕ್ಕಮ್ಮ, ನೀವಿಲ್ಲಿ ಇರುವೆ ಮೆರವಣಿಗೆ ನೋಡ್ತಾ ಕೂತಿದೀರಿ!"

"ಬಾಯಿ ಮುಚ್ಚು," ಎಂದು ಅವರು ಹುಡುಗಿಯ ಕಡೆ ತಿರುಗಿದರು. "ಓಕೆ ಆದ ತಕ್ಷಣ ರೆಕಾರ್ಡಿಂಗ್ ನಿಲ್ಲಿಸ್ತೀಯೇನಮ್ಮ?"

"ನಿಲ್ಲಿಸ್ಬೇಕು. ಇವತ್ತು ಮರೆತು ಟೀ ಕುಡಿಯೋಕೆ ಹೋಗ್ಬಿಟ್ಟೆ. ಬಂದು, ಓಕೆ ಅಂದ ಮೇಲಿಂದೆಲ್ಲ ಕತ್ತರಿಸಿ ಎಸೆದೆ. ಅದನ್ನ ಯಾರೂ ಕೇಳಲ್ಲ."

"ಎಸೆದದ್ದು ವಾಪಸ್ ಸಿಗುತ್ತಾ?"

"ಸಿಗುತ್ತೆ."

"ಅದೆಲ್ಲ ಯಾಕೀಗ?" ಸದ್ದಣ್ಣ ಅಡ್ಡ ಬಂದರು.

ಹುಡುಗಿ ಗುಂಡಿ ಒತ್ತಿದಳು.

ಟಕ್. ಚಟ್. ಚಟಚಟ. ಎದೆ ಝಲ್ಲೆನ್ನುವಂತೆ ಕೆರೆ ಬಿರಿಯಿತು. "ಓಕೆ!" ಎಂದಿತು ಹುಡುಗಿಯ ಧ್ವನಿ. ಬಾಗಿಲು ಹಾಕಿದ ಸದ್ದು. ಮೌನ. ಆಮೇಲೆ ನೆಲದ ಮೇಲೆ ಉಗುರುಗಳ ಟಿಕಟಿಕ. ಆಮೇಲೆ — ಲಪ್, ಲಪ್, ಲಪ್. ಒಳ್ಳೆಯ ಮೈಕು ಅದು, ನಾಲಗೆ ಕಲ್ಲಿಗೆ ಉಜ್ಜುವುದೂ ಕೇಳಿಸುತ್ತಿತ್ತು. ಅದರ ಹಿಂದೆಯೇ ಮುದ್ದಿನಲ್ಲಿ ಕರಗಿದ ಸದ್ದಣ್ಣನ ಧ್ವನಿ:

"ಏ ಕಳ್ಳ! ಸರಿ, ನೆಕ್ಕು, ನೆಕ್ಕು. ಸಕ್ಕರೆ ಇಲ್ಲ ಅದರಲ್ಲಿ, ಏನೂ ಆಗಲ್ಲ. ನಿನ್ನ ಡಾಕ್ಟರಮ್ಮಂಗೆ ಮಾತ್ರ ಹೇಳ್ಬೇಡ."

ಸದ್ದಣ್ಣ ಅಲ್ಲೇ ಜಲ್ಲಿಯ ಮೇಲೆ ಕುಸಿದು ಕೂತರು.

"ಕಲ್ಲುಸಕ್ಕರೆ ಬದಲು ಏನು ಕುಟ್ಟಿದ್ರಿ? ಡಬ್ಬಿ ಕೊಡಿ," ಚಿಕ್ಕಮ್ಮ ಕೈ ಚಾಚಿದರು.

ಜೇಬಿನಿಂದ ಪುಟ್ಟ ತಗಡಿನ ಡಬ್ಬಿ ಹೊರಬಂತು. ಸಕ್ಕರೆರಹಿತ ಪೆಪ್ಪರ್‌ಮಿಂಟು. ಚಿಕ್ಕಮ್ಮ ವೈದ್ಯೆಗೆ ಫೋನ್ ಹಚ್ಚಿ, ಕನ್ನಡಕ ಏರಿಸಿ, ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ ಓದತೊಡಗಿದರು. ಮೊದಲ ಹೆಸರು ಝೈಲಿಟಾಲ್. ಎರಡನೆಯದನ್ನು ಓದಲು ವೈದ್ಯೆ ಬಿಡಲಿಲ್ಲ.

"ಅದೇ! ನಮಗೇನೂ ಆಗಲ್ಲ, ನಾಯಿಗೆ ಅದು ವಿಷ. ನಾಯಿ ಮೈ ಅದನ್ನ ಸಕ್ಕರೆ ಅಂದ್ಕೊಂಡು ಇನ್ಸುಲಿನ್ ಸುರಿಯುತ್ತೆ, ಇದ್ದ ಸಕ್ಕರೆನೂ ಖಾಲಿ ಮಾಡುತ್ತೆ. ಲಿವರ್‌ಗೆ ಈಗ್ಲೇ ಔಷಧಿ ಹಾಕ್ತೀನಿ." ಆಮೇಲೆ ಧ್ವನಿ ತಗ್ಗಿಸಿದರು. "ಸಕ್ಕರೆ ಕೊಡ್ಬೇಡಿ ಅಂದೋಳು ನಾನೇ. ಇದನ್ನ ಹೇಳೋದೇ ಬಿಟ್ಟೆನಲ್ಲ."

ಫೋನ್ ಇಟ್ಟ ಮೇಲೆ ಚಿಕ್ಕಮ್ಮ ಕಲ್ಲಿನತ್ತ ಬೊಟ್ಟು ಮಾಡಿದರು.

"ಬಿಸ್ಕತ್ತಿನ ಚೂರಿಗೆ ಅಷ್ಟು ದೂರದಿಂದ ಬಂದ ಇರುವೆ, ಗೇಣು ದೂರದಲ್ಲಿರೋ ಕಲ್ಲುಸಕ್ಕರೆ ಪುಡಿ ಕಡೆ ತಿರುಗೂ ನೋಡ್ಲಿಲ್ಲ. ಅಂದ್ಮೇಲೆ ಅದು ಸಕ್ಕರೆ ಅಲ್ಲ. ಕಲ್ಲಿನ ಅರ್ಧ ಭಾಗ ಮಾತ್ರ ಒರೆಸಿದಷ್ಟು ಸ್ವಚ್ಛ, ಅಂಚಲ್ಲಿ ನಾಯಿ ಕೂದಲು. ಇಷ್ಟು ಕಂಡಿತ್ತು. ನೀವು ನೋಡ್ತಾ ಇದ್ರಾ ಅನ್ನೋದು ಗೊತ್ತಿರ್ಲಿಲ್ಲ."

"ಇರುವೆ ಕಾಟಕ್ಕೇ ಬದಲಾಯಿಸಿದ್ದು," ಸದ್ದಣ್ಣ ಡಬ್ಬಿಯನ್ನೇ ನೋಡುತ್ತ ಹೇಳಿದರು. "ನಂಗೆ ಸಕ್ಕರೆ ಕಾಯಿಲೆ. ದಿನಾ ನಾನೇ ತಿನ್ನೋ ಮಿಂಟು ಇದು. ವಿಷ ಅಂತ ಗೊತ್ತಿದ್ರೆ ನನ್ನ ಕೈ ನಾನೇ ಕಡ್ಕೊಳ್ತಿದ್ದೆ."

"ಗೊತ್ತಿರ್ಲಿಲ್ಲ, ಸರಿ. ಡಾಕ್ಟರ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

ಅವರು ಜಲ್ಲಿಯ ಒಂದು ಕಲ್ಲೆತ್ತಿ ಅಂಗೈಯಲ್ಲಿ ತಿರುಗಿಸಿದರು. ಎಲ್ಲ ಸದ್ದನ್ನೂ ನುಂಗುವ ಗೋಡೆಗಳು ಅಲ್ಲಿಯವು. ಅವರ ಉಸಿರಾಟ ಮಾತ್ರ ಕೇಳುತ್ತಿತ್ತು.

"ಬೈತಾರೆ ಅಂತ. ಅಷ್ಟೇ. ಅವನು ನಡುಗೋದು ನೋಡ್ದಾಗ್ಲೇ ಅನುಮಾನ ಬಂದಿತ್ತು. ಅಷ್ಟರಲ್ಲಿ ಮಾವನ ಪಾಷಾಣ ನೆನಪಾಯ್ತು. ಅದೇ ಆಗಿರ್ಲಿ, ನಾನು ಆಗೋದು ಬೇಡ ಅನ್ನಿಸ್ತು. ಗಟ್ಟಿಯಾಗಿ ಕೂಗಿದ್ರೆ ನಂಗೂ ನಂಬಿಕೆ ಬರುತ್ತೆ ಅಂತ ಕೂಗಿದೆ."

ನನಗೆ ಅವರ ಮೇಲೆ ಕೆಂಡದಂಥ ಸಿಟ್ಟಿತ್ತು. ಆ ಮಾತು ಕೇಳಿದ ಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಸಂಜೆ ವೈದ್ಯೆ ಫೋನ್ ಮಾಡಿದರು. ಗುಂಡ ಎದ್ದು ಕೂತಿದ್ದ. ಲಿವರ್ ಮೇಲೆ ಇನ್ನೂ ಕೆಲವು ದಿನ ಕಣ್ಣಿಡಬೇಕು, ಆದರೆ ಉಳಿಯುತ್ತಾನೆ ಎಂದರು. ಒಡತಿ ಬೀಗದ ಕೈಯನ್ನು ಸದ್ದಣ್ಣನ ಮುಂದಿಟ್ಟು, "ನೀವೇ ಕೊಟ್ಟು ಬನ್ನಿ," ಎಂದರು.

ಮಾವ ಇನ್ನೂ ಕಟ್ಟೆಯ ಮೇಲೇ ಇದ್ದರು. ಕಿತ್ತ ಗುಂಡಿ ಕೊರಳಪಟ್ಟಿಯ ದಾರದಲ್ಲಿ ನೇತಾಡುತ್ತಿತ್ತು. ಸದ್ದಣ್ಣ ಎದುರಿಗೆ ನಿಂತರು. ಬೀಗದ ಕೈ ಚಾಚಿದರು.

"ಗುಂಡ ಹೇಗಿದಾನೆ?" ಎಂದರು ಮಾವ.

"ಉಳೀತಾನಂತೆ."

ಮಾವ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಅಂಜುತ್ತಲೇ ಕೇಳಿದರು:

"ನನ್ನ ಬಿಸ್ಕತ್ತಿಂದ ಅಲ್ವಲ್ಲ?"

"ಅಲ್ಲ ಮಾವ," ಸದ್ದಣ್ಣ ನೆಲ ನೋಡುತ್ತ ಹೇಳಿದರು. "ನನ್ನಿಂದ."