ಅವಳ ಪಾಲಿನ ಉಪ್ಪು

ಬೆಳಿಗ್ಗೆ ಹತ್ತೂವರೆಗೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಾಗ ಇನ್‌ಸ್ಪೆಕ್ಟರಮ್ಮ ಆಗಷ್ಟೇ ಬಂದು ಕೂತಿದ್ದರು. ಮನೆಯಲ್ಲಿ ಮಗಳು ಅವರ ಎಡಗಾಲಿನ ಬೂಟನ್ನು ಬಟ್ಟೆ ಒಗೆಯುವ ಯಂತ್ರದೊಳಗೆ ಬಚ್ಚಿಟ್ಟಿದ್ದಳು. ಹುಡುಕುವಷ್ಟರಲ್ಲಿ ತಡವಾಗಿತ್ತು.

"ನಮ್ಮಕ್ಕ ರೈಲಿನಲ್ಲಿ ಗಾರ್ಡು, ಮೇಡಂ," ಎಂದಳು ಬಂದವಳು. "ಮೂರು ತಿಂಗಳಿಂದ ತೂರಾಡ್ತಾಳೆ, ಮಾತು ತೊದಲುತ್ತೆ, ಇಲ್ಲದವರ ಜೊತೆ ಮಾತಾಡ್ತಾಳೆ. ಹುಚ್ಚು ಅಂತ ಕೆಲಸದಿಂದ ತೆಗೆಯೋಕೆ ಹೊರಟಿದ್ದಾರೆ. ಈಗ ಆಸ್ಪತ್ರೆಯ ಡಾಕ್ಟರಮ್ಮ, ಇದು ಹುಚ್ಚಲ್ಲ, ವಿಷ ಅಂತಿದ್ದಾರೆ."

ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿ, ಠಾಣೆಯವರೆಲ್ಲ ಮೀಸೆಯವರು ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲನ್ನು ಕರೆದುಕೊಂಡು ಇನ್‌ಸ್ಪೆಕ್ಟರಮ್ಮ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ನೇರ ವಿಷಯಕ್ಕೆ ಬಂದರು. "ರಕ್ತದಲ್ಲಿ ಕ್ಲೋರೈಡು ವಿಪರೀತ ಅಂತ ಯಂತ್ರ ತೋರಿಸ್ತು. ಅಷ್ಟಿದ್ರೆ ಉಳಿದ ಲವಣಗಳ ಲೆಕ್ಕ ತಾಳೆಯಾಗಲ್ಲ. ಉಪ್ಪಿನ ಹಾಗೇ ಕಾಣೋ ಬ್ರೋಮೈಡು ಸೇರಿದ್ರೆ ಯಂತ್ರ ಅದನ್ನೂ ಕ್ಲೋರೈಡು ಅಂತಲೇ ಎಣಿಸುತ್ತೆ. ಮುಖದ ತುಂಬ ಮೊಡವೆ ಬೇರೆ, ಅದೂ ಬ್ರೋಮೈಡಿನ ಲಕ್ಷಣವೇ. ಬೇರೆ ಕಡೆ ಪರೀಕ್ಷೆ ಮಾಡಿಸಿದೆ. ಬ್ರೋಮೈಡೇ."

"ಎಲ್ಲಿ ಸಿಗುತ್ತೆ ಅದು?"

"ಹಿಂದೆ ನಿದ್ದೆಗೆ ಅಂತ ಮನುಷ್ಯರಿಗೇ ಕೊಡ್ತಿದ್ರು. ಈಗ ಹೆಚ್ಚಾಗಿ ನಾಯಿಗಳ ಫಿಟ್ಸಿಗೆ. ಅದಕ್ಕೇ ಇದು ನಮ್ಮ ಯಾರ ತಲೆಗೂ ಬೇಗ ಹೊಳೆಯಲ್ಲ." ಅವರು ದನಿ ತಗ್ಗಿಸಿದರು. "ಉಪ್ಪುನೀರಿನ ಡ್ರಿಪ್ ಹಾಕಿದ ಮೇಲೆ ವಿಷ ಇಳಿದಿತ್ತು. ನಿನ್ನೆ ಮತ್ತೆ ಏರಿದೆ."

"ಅಂದ್ರೆ ಇಲ್ಲಿಗೇ ತಂದು ಕೊಡ್ತಿದ್ದಾರೆ."

"ಗಂಡ ದಿನಾ ಮನೆಯೂಟ ತರ್ತಾರೆ. ಇಲ್ಲಿಯ ಊಟ ಅವಳಿಗೆ ಸೇರಲ್ವಂತೆ."

ರೋಗಿಯ ಮಂಚದ ಪಕ್ಕದಲ್ಲಿ ಟಿಫನ್ ಕ್ಯಾರಿಯರ್ ಇತ್ತು. ಜೊತೆಗೆ ಕಾಗದದಲ್ಲಿ ಮಡಿಸಿದ ಚಿಟಿಕೆ ಉಪ್ಪು. ಎರಡನ್ನೂ ಪಂಚರ ಎದುರು ವಶಕ್ಕೆ ಪಡೆದರು. ಹೊರಗಿನ ಊಟ ಕೂಡದೆಂದು ಬಾಗಿಲಲ್ಲಿ ಕಾವಲು ಕೂರಿಸಿದರು.

ಗಂಡ ಮನೆಯಲ್ಲೇ ಕೂತು ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಗೋಂದಿನ ವಾಸನೆಯ ಆ ಮನೆಯಲ್ಲಿ ಹೆಂಡತಿಯ ಸಮವಸ್ತ್ರ ಇಸ್ತ್ರಿಯಾಗಿ ಮೊಳೆಗೆ ತೂಗುತ್ತಿತ್ತು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಒಂದೇ ಇತ್ತು.

"ನನಗೆ ಬಿಪಿ, ಮೇಡಂ. ಉಪ್ಪಿಲ್ಲದೇ ಅಡುಗೆ ಮಾಡ್ತೀನಿ. ಅವಳು ತಟ್ಟೆಯಲ್ಲಿ ಬೆರೆಸಿಕೊಳ್ತಾಳೆ."

ರುಚಿ ನೋಡಲು ಮೀಸೆಯವರು ಬೆರಳು ಅದ್ದಿಯೇಬಿಟ್ಟಿದ್ದರು.

"ನಿಮ್ಮ ಮೀಸೆಗೆ ಪಿಂಚಣಿ ಬೇಡ್ವೇನ್ರೀ?" ಇನ್‌ಸ್ಪೆಕ್ಟರಮ್ಮ ಗದರಿದರು. ಅವರು ಬೆರಳನ್ನು ಪ್ಯಾಂಟಿಗೆ ಗಸಗಸ ಒರೆಸಿಕೊಂಡರು.

ಮೂಲೆಯಲ್ಲೊಂದು ನಾಯಿಯ ತಟ್ಟೆ ಮಗುಚಿಟ್ಟಿತ್ತು.

"ನಾಯಿ ಎಲ್ಲಿ?"

"ಹೋದ ವರ್ಷ ಸತ್ತೋಯ್ತು. ಫಿಟ್ಸು ಬರ್ತಿತ್ತು, ಪಾಪ."

ಮುಂದೆ ಏನೂ ಕೇಳದೆ ಪಂಚನಾಮೆ ಮುಗಿಸಿ, ಡಬ್ಬಿಗೆ ಮೊಹರು ಹಾಕಿ, ಆಸ್ಪತ್ರೆಯಲ್ಲಿ ಸಿಕ್ಕ ಉಪ್ಪಿನ ಜೊತೆ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಂದ ನೇರ ಜಾನುವಾರು ಔಷಧಿ ಅಂಗಡಿಗೆ.

"ಓ, ರಟ್ಟಿನ ಸಾಹೇಬ್ರಾ?" ಅಂಗಡಿಯವನ ಮುಖ ಅರಳಿತು. "ಹೋದ ತಿಂಗಳೂ ಪುಡಿ ಒಯ್ದರಲ್ಲ. ನಾಯಿ ಹೇಗಿದೆ ಅಂತ ಕೇಳಿದ್ರೆ, ಮನೆ ಬಿಟ್ಟು ಕದಲಲ್ಲ, ಕಾಲ ಬುಡದಲ್ಲೇ ಮಲಗಿರುತ್ತೆ ಅಂದ್ರು."

ಇನ್‌ಸ್ಪೆಕ್ಟರಮ್ಮ ಮಾರಾಟದ ರಸೀದಿ ಪುಸ್ತಕ ತೆಗೆಯಲು ಹೇಳಿದರು.

ಮೂರನೇ ದಿನ ಪ್ರಯೋಗಾಲಯದ ವರದಿ ಬಂತು. ಡಬ್ಬಿಯಲ್ಲೂ ಕಾಗದದ ಮಡಿಕೆಯಲ್ಲೂ ಉಪ್ಪಿನ ಜೊತೆ ಬ್ರೋಮೈಡು. ಸಂಜೆ ನಾಲ್ಕಕ್ಕೆ ಗಂಡನನ್ನು ಬಂಧಿಸಿದರು. ಅವನು ಗೋಂದಿನ ಕೈ ತೊಳೆದುಕೊಂಡು ತಾನಾಗಿಯೇ ಜೀಪು ಹತ್ತಿದ.

"ಯಾಕೆ ಮಾಡಿದ್ರಿ?"

ಠಾಣೆಯ ಮೇಜಿನ ಮೇಲಿದ್ದ ಕಡತದ ಕಿತ್ತ ರಟ್ಟನ್ನು ಅವನು ಬೆರಳಿನಿಂದ ಒತ್ತಿ ಕೂರಿಸಿದ. "ಒಂದ್ಸಲ ಅವಳಿಗೆ ಜ್ವರ ಬಂದು ವಾರ ಮನೆಯಲ್ಲಿದ್ಲು. ಗಂಜಿ ಕುಡಿಸಿದೆ, ತಲೆ ಬಾಚಿದೆ. ಜ್ವರ ಬಿಟ್ಟಿತು. ಮತ್ತೆ ಚೀಲ ಎತ್ಕೊಂಡು ಹೊರಟ್ಲು. ಕೊಲ್ಲೋಕಲ್ಲ, ಮೇಡಂ. ದೂರದಲ್ಲಿ ರೈಲು ಕೂಗಿದಾಗೆಲ್ಲ ಅವಳು ಬಂದ್ಲೇನೋ ಅಂತ ಎದ್ದು ಬಾಗಿಲಿಗೆ ಬರೋದು ಸಾಕಾಗಿತ್ತು. ಸ್ವಲ್ಪ ಮಂಕಾದ್ರೆ ಇರ್ತಾಳೆ ಅಂದ್ಕೊಂಡೆ. ಇದ್ಲು. ಆದ್ರೆ ನನ್ನ ಗುರುತೇ ಸಿಗ್ತಿರಲಿಲ್ಲ."

"ಗುರುತು ಸಿಗದಿದ್ದ ಮೇಲೂ ಹಾಕಿದ್ರಲ್ಲ?"

ಅವನು ಉಗುರಿನ ಸಂದಿಯಲ್ಲಿ ಉಳಿದಿದ್ದ ಗೋಂದನ್ನು ಕೆರೆಯತೊಡಗಿದ.

ಕೆಲವು ವಾರಗಳಲ್ಲಿ ಹೆಂಡತಿಯ ತೊದಲು ಹೋಗಿ ತಲೆ ತಿಳಿಯಾಯಿತು. ಇನ್‌ಸ್ಪೆಕ್ಟರಮ್ಮ ಅವಳ ಹೇಳಿಕೆ ದಾಖಲಿಸಲು ಹೋದಾಗ ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಬರೆದದ್ದನ್ನು ಓದಿಸಿ ಕೇಳಿ, ಕಾಗದದ ಅಂಚನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಹೊರಡುವಾಗೆಲ್ಲ ನಗ್ತಾ ಕಳಿಸ್ತಿದ್ರು," ಎಂದಳು. "ಇರು ಅಂತ ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳ್ತಾರೇನೋ ಅಂತ ಬಾಗಿಲಲ್ಲಿ ಒಂದು ಗಳಿಗೆ ನಿಲ್ತಿದ್ದೆ."

ಮರುದಿನ ಬೆಳಿಗ್ಗೆ ಮತ್ತೆ ಎಡಗಾಲಿನ ಬೂಟು ಇರಲಿಲ್ಲ. ಇನ್‌ಸ್ಪೆಕ್ಟರಮ್ಮ ಹುಡುಕಲು ಹೋಗಲಿಲ್ಲ. ಒಂದೇ ಬೂಟಿನಲ್ಲಿ ಬಂದು ಮಗಳ ಪಕ್ಕ ನೆಲದ ಮೇಲೆ ಕೂತರು.

"ಏನಾದ್ರೂ ಹೇಳೋದಿದೆಯೇನೇ, ಪುಟ್ಟಿ?"

ಮಗಳು ಅಮ್ಮನ ತೋಳಿನಲ್ಲಿ ಮುಖ ಹುದುಗಿಸಿದಳು. "ಇವತ್ತು ಇರಮ್ಮ."

ಇನ್‌ಸ್ಪೆಕ್ಟರಮ್ಮ ಠಾಣೆಗೆ ಫೋನು ಮಾಡಿ, ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದು ಮೀಸೆಯವರಿಗೆ ಹೇಳಿದರು. ಆಮೇಲೆ ಬಗ್ಗಿ ಬಲಗಾಲಿನ ಬೂಟನ್ನೂ ಬಿಚ್ಚಿದರು.